ಎರಡು ಕಿಲೋಮೀಟರಿನ ಬೆಲೆ: ಒಂದು ಪಂಕ್ಚರ್ ಪ್ರಕರಣ

ಪಂಕ್ಚರ್ ಆದ ಟೈರನ್ನು ಹೊತ್ತು ತರುವವರು ಹೇಳುವ ಮೊದಲ ಮಾತು ಹೆಚ್ಚಾಗಿ ಒಂದೇ: "ಸ್ವಲ್ಪ ದೂರ ಮಾತ್ರ ಓಡಿಸಿದೆವು." ಆ ಸ್ವಲ್ಪ ಎಷ್ಟು ಎಂಬುದನ್ನು ನಾನು ಕೇಳುವುದಿಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಕೈಯಾಡಿಸಿದರೆ ಗೊತ್ತಾಗುತ್ತದೆ. ಮೊಳೆ ಮಾಡುವ ತೂತು ನೂರಿನ್ನೂರು ರೂಪಾಯಿಯ ಕೆಲಸ. ಟೈರನ್ನು ಕಸಕ್ಕೆ ಕಳಿಸುವುದು ಮೊಳೆ ಹೊಕ್ಕ ನಂತರ ಕಾರಿನೊಳಗೆ ನಡೆಯುವ ಚರ್ಚೆ.

ಈ ಪ್ರಕರಣ 2024ರ ಮಳೆಗಾಲದ್ದು. ಮೈಸೂರಿನಲ್ಲಿರುವ ನಮ್ಮ ಟೈರ್ ಅಂಗಡಿಗೆ ಬಂದ ಕುಟುಂಬವೊಂದರ ಜೊತೆ ಕುಳಿತು, ನಡೆದದ್ದನ್ನು ಹಂತಹಂತವಾಗಿ ಕೇಳಿಕೊಂಡು, ಅವರ ಒಪ್ಪಿಗೆಯಿಂದ ಬರೆದಿದ್ದೇನೆ. ಹೆಸರುಗಳನ್ನೂ ಕಾರಿನ ಕಂಪನಿಯನ್ನೂ ಬಿಟ್ಟಿದ್ದೇನೆ. ಕಾರು ನಿಂತ ಜಾಗವನ್ನು ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ ಎಂದಷ್ಟೇ ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಹೇಳಿದರೆ ಸರ್ವೀಸ್ ರಸ್ತೆಯ ಪಂಕ್ಚರ್ ಅಂಗಡಿ ಯಾವುದೆಂದು ಆ ಕಡೆಯವರಿಗೆ ತಿಳಿದುಬಿಡುತ್ತದೆ. ಆ ಅಂಗಡಿಯವನ ಮೇಲೆ ನನಗಿರುವುದು ಅನುಮಾನ, ಸಾಕ್ಷ್ಯವಲ್ಲ.

ಹಿನ್ನೆಲೆ

ಕಾರು 2016ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು. ಓಡಿಸುತ್ತಿದ್ದವರು ಬೆಂಗಳೂರಿನ ಕಾಲೇಜೊಂದರ ಉಪನ್ಯಾಸಕಿ. ಪಕ್ಕದ ಸೀಟಿನಲ್ಲಿ ಅವರ ತಂದೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ತಮ್ಮ ಕಾಲದಲ್ಲಿ ಅಂಬಾಸಿಡರ್ ಓಡಿಸಿದ ಅನುಭವವನ್ನು ಇಂದಿನ ಎಲ್ಲ ಕಾರುಗಳಿಗೂ ಅನ್ವಯಿಸುವವರು. ಹಿಂದಿನ ಸೀಟಿನಲ್ಲಿ ತಾಯಿ ಮತ್ತು ಉಪನ್ಯಾಸಕಿಯ ಪುಟ್ಟ ಮಗ. ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಹತ್ತಿರದ ಸಂಬಂಧಿಕರ ಮನೆಯ ನಿಶ್ಚಿತಾರ್ಥ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಟರು.

ಟೈರುಗಳು 185/65 ಆರ್15 ಅಳತೆಯ ಟ್ಯೂಬ್‌ಲೆಸ್. ಸವೆತ ಹೆಚ್ಚೇನೂ ಇರಲಿಲ್ಲ, ಇನ್ನೂ ಎರಡು ವರ್ಷ ಧಾರಾಳವಾಗಿ ಓಡುವಂಥವು. ಚಾಲಕರ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯ ಪ್ರಕಾರ ಇರಬೇಕಾದ ಗಾಳಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಗಾಳಿ ಕಡಿಮೆಯಾದರೆ ದೀಪ ಹೊತ್ತಿಸಿ ಎಚ್ಚರಿಸುವ ಸೆನ್ಸರ್ ಈ ಕಾರಿನಲ್ಲಿ ಇಲ್ಲ.

ಹೊರಡುವ ಮುನ್ನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಗಾಳಿಯನ್ನೂ ನೋಡಿಸಿದರು. ಮೂರು ಚಕ್ರಗಳಲ್ಲಿ 31ರ ಆಸುಪಾಸು ಇತ್ತು. ಎಡಗಡೆಯ ಹಿಂದಿನ ಚಕ್ರದಲ್ಲಿ 24. ಗಾಳಿ ಹಾಕುವ ಹುಡುಗ ಯಂತ್ರವನ್ನು 33ಕ್ಕೆ ಇಟ್ಟು ನಾಲ್ಕಕ್ಕೂ ತುಂಬಿ, ಮುಚ್ಚಳ ತಿರುಗಿಸಿ ಮುಂದಿನ ಕಾರಿನತ್ತ ಹೋದ. ಉಪನ್ಯಾಸಕಿಗೆ ಆ 24 ನೆನಪಿತ್ತು, ಆದರೆ ಆಗ ಅದು ವಿಷಯ ಎನಿಸಿರಲಿಲ್ಲ. ತುಂಬಿಸಿದ ಮೇಲೆ ಎಲ್ಲವೂ ಸಮವಾಯಿತಲ್ಲ!

ಇಡೀ ಪ್ರಕರಣದ ಅತ್ಯಂತ ಅಗ್ಗದ ಗಳಿಗೆ ಇದೇ ಆಗಿತ್ತು. ನಾಲ್ಕೂ ಚಕ್ರಗಳಲ್ಲಿ ಗಾಳಿ ಒಂದೇ ಸಮ ಇಳಿದಿದ್ದರೆ ಅದು ದಿನ ಕಳೆದಂತೆ ಆಗುವ ಸಹಜ ಇಳಿಕೆ. ಒಂದೇ ಚಕ್ರ ಏಳು ಅಂಕ ಹಿಂದೆ ಬಿದ್ದಿದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು: ಮೊಳೆ, ವಾಲ್ವಿನ ಸೋರಿಕೆ, ಇಲ್ಲವೇ ರಿಮ್ಮಿನ ಅಂಚಿನಲ್ಲಿ ಬಿಗಿ ತಪ್ಪಿರುವುದು. ಟ್ಯೂಬ್ ಇದ್ದ ಕಾಲದಲ್ಲಿ ಮೊಳೆ ಚುಚ್ಚಿದರೆ ಗಾಳಿ ಅಲ್ಲಿಯೇ ಬುಸ್ಸೆಂದು ಹೋಗುತ್ತಿತ್ತು, ಮುಚ್ಚಿಡಲು ಏನೂ ಉಳಿಯುತ್ತಿರಲಿಲ್ಲ. ಟ್ಯೂಬ್‌ಲೆಸ್ ಟೈರಿನ ರಬ್ಬರ್ ಮೊಳೆಯನ್ನು ಸುತ್ತಲಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ವಾರಗಟ್ಟಲೆ ಮೊಳೆಯ ಸಮೇತ ಓಡಿದ ಕಾರುಗಳನ್ನು ನೋಡಿದ್ದೇನೆ. ಊರೊಳಗಿನ ಓಡಾಟಕ್ಕೆ ಇದು ವರ. ಹೆದ್ದಾರಿಗೆ ಹೊರಟವರಿಗೆ ಇದೇ ಮೋಸ, ಏಕೆಂದರೆ ವೇಗ ಹೆಚ್ಚಿ ಟೈರ್ ಬಿಸಿಯಾದಂತೆ ಮೊಳೆ ಅಲುಗಾಡಿ ಹಿಡಿತ ಸಡಿಲವಾಗುತ್ತದೆ.

ಮದ್ದೂರಿನಲ್ಲಿ ಹೆದ್ದಾರಿಯಿಂದ ಇಳಿದು ವಡೆ ಕಟ್ಟಿಸಿಕೊಂಡರು. ಕಾಫಿಯೂ ಆಯಿತು. ಕಾರು ಅಲ್ಲಿ ಹದಿನೈದು ನಿಮಿಷವಾದರೂ ನಿಂತಿತ್ತು. ಕಾರಿನ ಸುತ್ತ ಒಂದು ಸುತ್ತು ಬಂದಿದ್ದರೆ ಎಡಗಡೆಯ ಹಿಂದಿನ ಟೈರ್ ಹೊಟ್ಟೆ ಬಿಟ್ಟಿದ್ದು ಕಾಣುತ್ತಿತ್ತೇನೋ. ಆದರೆ ಎಲ್ಲರೂ ಅತ್ತ ನೋಡದೆ ಇಳಿದು, ನೋಡದೆಯೇ ಹತ್ತಿದರು.

ಹೆದ್ದಾರಿಯಲ್ಲಿ

ಬೆಂಗಳೂರು–ಮೈಸೂರು ಹೆದ್ದಾರಿಯ ಸ್ವಭಾವ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಈ ರಸ್ತೆಯಲ್ಲಿ ನಡುವಿನ ಆರು ಪಥಗಳು ಬೇಲಿಯೊಳಗಿನ ಮುಖ್ಯ ಮಾರ್ಗ. ಎರಡೂ ಬದಿಗೆ ಎರಡೆರಡು ಪಥಗಳ ಸರ್ವೀಸ್ ರಸ್ತೆ. ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರ್. 2023ರ ಆಗಸ್ಟ್ 1ರಿಂದ ಮುಖ್ಯ ಮಾರ್ಗಕ್ಕೆ ಬೈಕ್, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಜೀವ ಉಳಿಸುವ ದೃಷ್ಟಿಯಿಂದ ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ಆದರೆ ಹಳೆಯ ಮೈಸೂರು ರಸ್ತೆಯ ಪಂಕ್ಚರ್ ಅಂಗಡಿಗಳೆಲ್ಲ ಬೇಲಿಯ ಆಚೆ ಉಳಿದವು. ಮುಖ್ಯ ಮಾರ್ಗದಲ್ಲಿ ಕೆಟ್ಟು ನಿಂತವರಿಗೆ ಅಂಗಡಿಯ ಬೋರ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಮಂಡ್ಯ ದಾಟಿದ ಮೇಲೆ ಮೊದಲು ಗಮನಿಸಿದವರು ತಾಯಿ. "ನನ್ನ ಕೆಳಗೆ ಏನೋ ತಪತಪ ಎನ್ನುತ್ತಿದೆ" ಎಂದರು. ಅವರು ಕುಳಿತದ್ದು ಸರಿಯಾಗಿ ಆ ಚಕ್ರದ ಮೇಲೆ. "ಸೇತುವೆಗಳ ಜೋಡಣೆ ಬಂದಾಗ ಹಾಗೆ ಸದ್ದಾಗುತ್ತದೆ" ಎಂದರು ತಂದೆ. ಆ ರಸ್ತೆಯಲ್ಲಿ ಹಾಗೆ ಸದ್ದಾಗುವುದೂ ನಿಜ. ಮುಂದಿನ ಚಕ್ರದ ಗಾಳಿ ಹೋದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ಚಾಲಕರ ಕೈಗೇ ಸುದ್ದಿ ಮುಟ್ಟುತ್ತದೆ. ಹಿಂದಿನ ಚಕ್ರದ್ದು ಹಾಗಲ್ಲ. ಕಾರಿನ ಹಿಂಭಾಗ ಮೆಲ್ಲಗೆ ಓಲಾಡುತ್ತದೆ, ಗಾಳಿಗೆ ಅಲುಗಾಡಿದಂತೆ ಅನಿಸುತ್ತದೆ. ಹಾಗಾಗಿ ಹಿಂದೆ ಕುಳಿತವರು ಹೇಳಿದ್ದನ್ನು ಕೇಳಬೇಕು. ನಮ್ಮ ಮನೆಗಳಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮಂದಿರ ಮಾತಿಗೆ ಎಷ್ಟು ಬೆಲೆ ಎಂಬುದು ಬೇರೆ ಲೇಖನದ ವಿಷಯ.

ಪಕ್ಕದಿಂದ ಮುಂದೆ ಹೋದ ಕಾರೊಂದರವರು ಹಾರ್ನ್ ಮಾಡಿ, ಹಿಂದಿನ ಚಕ್ರದ ಕಡೆಗೆ ಕೈ ತೋರಿಸಿದ ಮೇಲೆಯೇ ಸಂಶಯ ಹರಿದದ್ದು. ಉಪನ್ಯಾಸಕಿ ಬ್ರೇಕ್ ಒತ್ತಿ ಹಿಡಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ ಎಡ ಪಥಕ್ಕೆ ಬಂದರು. ಇಲ್ಲಿಯವರೆಗೆ ಅವರು ಮಾಡಿದ್ದರಲ್ಲಿ ಯಾವ ಕೊರತೆಯೂ ಇಲ್ಲ. ಹಿಂದಿನ ಟೈರ್ ಕುಸಿದಾಗ ಗಾಬರಿಯಿಂದ ಬ್ರೇಕ್ ಒತ್ತಿದರೆ ಕಾರು ಸುತ್ತಿಬಿಡಬಹುದು.

ಆಗ ತಂದೆ ಹೇಳಿದರು: "ಇಲ್ಲಿ ನಿಲ್ಲಿಸಬೇಡ ಮಗಳೇ. ಮುಂದೆ ಯಾವುದಾದರೂ ಬಂಕ್ ಬರುತ್ತದೆ. ನಿಧಾನವಾಗಿ ಹೋದರೆ ಏನೂ ಆಗುವುದಿಲ್ಲ."

ಹೋದರು. ಗಂಟೆಗೆ ಮೂವತ್ತರ ವೇಗದಲ್ಲಿ, ಅವರ ಅಂದಾಜಿನಲ್ಲಿ ಎರಡು ಕಿಲೋಮೀಟರ್. ಬಂಕ್ ಬರಲಿಲ್ಲ.

ಈ ಎರಡು ಕಿಲೋಮೀಟರಿನ ಲೆಕ್ಕ ನೋಡಿ. ಈ ಅಳತೆಯ ಟೈರಿನ ಸುತ್ತಳತೆ ಎರಡು ಮೀಟರಿಗಿಂತ ತುಸು ಕಡಿಮೆ. ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸುತ್ತು. ಎರಡು ಕಿಲೋಮೀಟರಿಗೆ ಸಾವಿರ ದಾಟಿತು. ಪ್ರತಿ ಸುತ್ತಿನಲ್ಲೂ ಗಾಳಿಯಿಲ್ಲದ ಟೈರಿನ ಪಕ್ಕೆ, ಅಂದರೆ ಅದರ ಬದಿಯ ಗೋಡೆ, ಕಾರಿನ ಭಾರ ಹೊತ್ತ ರಿಮ್ಮಿಗೂ ರಸ್ತೆಗೂ ನಡುವೆ ಮಡಚಿಕೊಂಡು ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಪಕ್ಕೆಯೊಳಗಿನ ನೂಲುಗಳಿಗೆ ಆಗುವುದು ಅದೇ. ವೇಗ ಕಡಿಮೆ ಮಾಡಿದರೆ ಬಿಸಿ ಕಡಿಮೆಯಾಗಬಹುದು, ಮಡಚುವ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ತಂದೆಯವರ ಅನುಭವ ಸುಳ್ಳಲ್ಲ. ಅಂಬಾಸಿಡರಿನ ಕಾಲದಲ್ಲಿ ಹಾಗೆ ತೆವಳಿಸಿಕೊಂಡು ಹೋದವರು ಟ್ಯೂಬ್ ಹಾಳುಮಾಡಿಕೊಳ್ಳುತ್ತಿದ್ದರು, ಎತ್ತರದ ದಪ್ಪ ಪಕ್ಕೆಯ ಟೈರ್ ಹೇಗೋ ಉಳಿಯುತ್ತಿತ್ತು. ಈಗ ಪಕ್ಕೆ ಗಿಡ್ಡ, ತೆಳು. ಗಾಳಿಯನ್ನು ಹಿಡಿದಿಡಬೇಕಾದ್ದೂ ಅದೇ ಟೈರ್.

ಹಾಗೆಂದು ಗೊತ್ತಾದ ಕ್ಷಣವೇ ಇದ್ದಲ್ಲೇ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಸೇತುವೆಯ ಮೇಲೆ, ತಿರುವಿನಲ್ಲಿ, ಅಂಚಿಗೆ ಸರಿಯಲು ಜಾಗವಿಲ್ಲದ ಕಡೆ ನಿಲ್ಲಿಸುವುದಕ್ಕಿಂತ ಟೈರನ್ನು ಬಲಿಕೊಡುವುದೇ ಮೇಲು. ನೂರರ ವೇಗದ ರಸ್ತೆಯಲ್ಲಿ ನಿಂತ ಕಾರು ಹಿಂದಿನಿಂದ ಬರುವವರ ಅಂದಾಜಿಗೆ ಸಿಗುವುದಿಲ್ಲ. ಆದರೆ ಇವರ ವಿಷಯದಲ್ಲಿ, ಕೈ ತೋರಿಸಿದ ಕಾರು ಮುಂದೆ ಹೋದ ಸ್ವಲ್ಪ ಹೊತ್ತಿಗೇ ಎಡಗಡೆ ಅಗಲವಾದ ನೇರ ಜಾಗ ಸಿಕ್ಕಿತ್ತು. ಉಪನ್ಯಾಸಕಿಗೆ ಅದು ಚೆನ್ನಾಗಿ ನೆನಪಿದೆ. ಅಲ್ಲಿ ನಿಲ್ಲಿಸಿದ್ದರೆ ಟೈರ್ ಉಳಿಯುವ ಸಾಧ್ಯತೆ ಇತ್ತು. ಹುಡುಕಬೇಕಾದ್ದು ಸುರಕ್ಷಿತ ಜಾಗವನ್ನು. ಅವರು ಹುಡುಕಿಕೊಂಡು ಹೋದದ್ದು ಬಂಕನ್ನು.

ನಿಂತ ಮೇಲೆ

ಕೊನೆಗೆ ರಿಮ್ಮಿನ ಕರಕರ ಸದ್ದು ಕೇಳಿ ನಿಲ್ಲಿಸಿದರು. ತುಂತುರು ಮಳೆ. ತಾಯಿ ಮತ್ತು ಮಗು ಕಾರಿನಲ್ಲೇ ಇರಲಿ, ನೆನೆಯುವುದು ಬೇಡ ಎಂದು ತಂದೆ. ಉಪನ್ಯಾಸಕಿ ಒಪ್ಪಲಿಲ್ಲ. ಎಡ ಬಾಗಿಲಿನಿಂದಲೇ ಇಬ್ಬರನ್ನೂ ಇಳಿಸಿ, ಕಬ್ಬಿಣದ ತಡೆಪಟ್ಟಿಯ ಆಚೆ, ಕಾರಿನಿಂದ ಹಿಂದಕ್ಕೆ ದೂರದಲ್ಲಿ ಕೊಡೆ ಕೊಟ್ಟು ನಿಲ್ಲಿಸಿದರು. ಮಗುವಿಗೆ ಆಮೇಲೆ ನೆಗಡಿ ಬಂತಂತೆ. ಅಂದು ತೆಗೆದುಕೊಂಡ ತೀರ್ಮಾನಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಕಾರಿನೊಂದಿಗೆ ಬಂದಿದ್ದ ಕೆಂಪು ತ್ರಿಕೋನ ಫಲಕ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದದ್ದು ಅದೇ ಮೊದಲ ಸಲ. ತಂದೆ ಅದನ್ನು ಡಿಕ್ಕಿಯ ಹಿಂದೆ ಐದಾರು ಹೆಜ್ಜೆಯಲ್ಲಿ ಇಡಲು ಹೊರಟಿದ್ದರು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಬರುತ್ತದೆ. ಫಲಕ 50 ಮೀಟರ್ ದೂರದಲ್ಲಿದ್ದರೂ ಹಿಂದಿನ ಚಾಲಕರಿಗೆ ಸಿಗುವುದು ಎರಡು ಸೆಕೆಂಡಿಗಿಂತ ಕಡಿಮೆ. ಮಗಳು ತಡೆಪಟ್ಟಿಯ ಹೊರಬದಿಯಲ್ಲೇ ನಡೆದು ನೂರು ಹೆಜ್ಜೆ ಹಿಂದೆ ಇಟ್ಟು ಬಂದರು.

ಮೊದಲ ಫೋನು ಹೋದದ್ದು ಮಂಡ್ಯದಲ್ಲಿರುವ ಚಿಕ್ಕಪ್ಪನ ಮಗನಿಗೆ. ಅವನು ತನಗೆ ಗೊತ್ತಿದ್ದ ಪಂಕ್ಚರ್ ಅಂಗಡಿಯವರ ನಂಬರ್ ಕೊಟ್ಟ. ಅವರು ಸಜ್ಜನರು, ಬರಲು ಸಿದ್ಧರಿದ್ದರು, ಜಾಗ ಕೇಳಿ ನಕ್ಕರಂತೆ. "ಮೇಡಂ, ನನ್ನದು ಬೈಕು. ಅದನ್ನು ಮೇಲಿನ ರಸ್ತೆಗೆ ತರುವಂತಿಲ್ಲ. ನೀವು ಹೇಗಾದರೂ ಸರ್ವೀಸ್ ರಸ್ತೆಗೆ ಇಳಿದರೆ ಹತ್ತು ನಿಮಿಷದಲ್ಲಿ ನಿಮ್ಮ ಮುಂದೆ ಇರುತ್ತೇನೆ." ಪಂಕ್ಚರ್ ಆದ ಕಾರು ಇಳಿಯುವುದು ಹೇಗೆ? ಈ ಮಾತುಕತೆಗಳಲ್ಲೇ ಇಪ್ಪತ್ತು ನಿಮಿಷ ಕಳೆದವು.

ಆಮೇಲೆ 1033 ನೆನಪಾಯಿತು. ಹೆದ್ದಾರಿ ಪ್ರಾಧಿಕಾರದ ಈ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ. ಗಸ್ತು ವಾಹನ ಬಂತು, ಅದರವರು ಕಾರಿನ ಹಿಂದೆ ಸಾಲಾಗಿ ಕೋನುಗಳನ್ನಿಟ್ಟು ದೀಪ ಹಾಕಿಕೊಂಡು ನಿಂತರು. ಟೈರ್ ಬದಲಿಸಿಕೊಡುವುದು ಅವರ ಕೆಲಸವಲ್ಲ, ಬದಲಿಸುವವರ ಬೆನ್ನು ಕಾಯುವುದು ಅವರ ಕೆಲಸ. ಇದನ್ನು ತಿಳಿಯದೆ ಅನೇಕರು "ಅವರು ಬಂದು ಏನು ಮಾಡುತ್ತಾರೆ" ಎಂದು ಕರೆಯುವುದೇ ಇಲ್ಲ. ನನ್ನ ಪ್ರಕಾರ ಬೇಲಿ ಹಾಕಿದ ರಸ್ತೆಯಲ್ಲಿ ನೆಂಟರಿಗಿಂತ ಮೊದಲು ಕರೆಯಬೇಕಾದ ನಂಬರ್ ಇದೇ. ಕಾರಿನ ವಿಮೆಯಲ್ಲೂ ರಸ್ತೆಬದಿ ನೆರವಿನ ಸೌಲಭ್ಯ ಸೇರಿತ್ತು ಎಂಬುದು ಸೋಮವಾರ ನಮ್ಮ ಅಂಗಡಿಯಲ್ಲಿ ಪಾಲಿಸಿಯ ಕಾಗದ ಬಿಚ್ಚಿದಾಗ ಗೊತ್ತಾಯಿತು. ಪ್ರತಿ ವರ್ಷ ಅದಕ್ಕೆಂದೇ ಹಣ ಕಟ್ಟಿದ್ದರು.

ಚಕ್ರ ಬದಲಿಸುವ ಕೆಲಸದಲ್ಲಿ ಮಾತ್ರ ತಂದೆಯವರ ಹಳೆಯ ಅನುಭವ ಹೊನ್ನಿನಂಥದ್ದಾಯಿತು. ಹ್ಯಾಂಡ್‌ಬ್ರೇಕ್ ಎಳೆಸಿ, ಗೇರಿನಲ್ಲಿ ನಿಲ್ಲಿಸಿ, ಬಲಗಡೆಯ ಮುಂದಿನ ಚಕ್ರಕ್ಕೆ ಕಲ್ಲು ಕೊಡಿಸಿದರು. ಜಾಕ್ ಏರಿಸುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಗಾಳಿಯಲ್ಲಿ ತೇಲುವ ಚಕ್ರದ ನಟ್ ತಿರುಗಿಸಲು ಹೋದರೆ ಚಕ್ರವೂ ಜೊತೆಗೇ ತಿರುಗುತ್ತದೆ, ಕಾರು ಜಾಕಿನಿಂದ ಜಾರುತ್ತದೆ. ಯಾವುದೋ ಸರ್ವೀಸಿನಲ್ಲಿ ಗಾಳಿಯ ಗನ್ನಿನಿಂದ ಬಿಗಿಸಿದ್ದ ನಟ್‌ಗಳು ಕೈಗೆ ಬಗ್ಗಲಿಲ್ಲ. ಸ್ಪ್ಯಾನರನ್ನು ನೆಲಕ್ಕೆ ಸಮನಾಗಿ ಇಟ್ಟು ಅದರ ತುದಿಯನ್ನು ಕಾಲಿನಿಂದ ಒತ್ತಿ ಬಿಡಿಸಿದರು. ನಟ್‌ಗಳೆಲ್ಲ ಬಂದರೂ ಚಕ್ರ ಬರಲಿಲ್ಲ, ತುಕ್ಕು ಹಿಡಿದು ಹಬ್ಬಿಗೆ ಅಂಟಿತ್ತು. ನಟ್‌ಗಳನ್ನು ಮತ್ತೆ ಎರಡೆರಡು ಸುತ್ತು ಹಾಕಿಸಿ, ಟೈರಿಗೆ ಎರಡೂ ಬದಿಯಿಂದ ಒದ್ದು ಬಿಡಿಸಿದರು. ಬಿಚ್ಚಿದ ಚಕ್ರವನ್ನು ಬದಿಗಿಡದೆ ಕಾರಿನ ಅಂಚಿನ ಕೆಳಗೆ ಮಲಗಿಸಿದರು, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರಲೆಂದು. ಇಷ್ಟನ್ನು ಕಲಿಸುವ ಡ್ರೈವಿಂಗ್ ಸ್ಕೂಲ್ ಈಗ ಅಪರೂಪ.

ಪಂಕ್ಚರ್ ಆದದ್ದು ಎಡಗಡೆಯ ಚಕ್ರವಾದದ್ದು ಪುಣ್ಯ. ಬಲಗಡೆಯದಾಗಿದ್ದರೆ ಓಡುವ ಲಾರಿಗಳಿಗೆ ಬೆನ್ನು ಕೊಟ್ಟು ಕೂರಬೇಕಿತ್ತು. ಅಂಥ ಸಂದರ್ಭದಲ್ಲಿ ಗಸ್ತು ವಾಹನ ಬಂದು ಹಿಂದೆ ನಿಲ್ಲುವ ತನಕ ಸ್ಪ್ಯಾನರ್ ಮುಟ್ಟಲೇಬಾರದು.

ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ ಅದೂ ಅರ್ಧ ಕುಸಿಯಿತು. ಡಿಕ್ಕಿಯಲ್ಲಿ ಸೂಟ್‌ಕೇಸುಗಳ ಅಡಿಯಲ್ಲಿ ವರ್ಷಗಟ್ಟಲೆ ಮಲಗಿದ್ದ ಚಕ್ರಕ್ಕೆ ಗಾಳಿ ನೋಡಿದವರಿರಲಿಲ್ಲ. ಬಂಕಿನ ಹುಡುಗ ನಾಲ್ಕಕ್ಕೆ ಹಾಕುತ್ತಾನೆ. ಐದನೆಯದನ್ನು ಕಾರಿನವರೇ ತೆಗೆದು ತೋರಿಸಬೇಕು. ಮೈಸೂರಿನ ಕಡೆಗೆ ಹೋಗುತ್ತಿದ್ದ ಟ್ಯಾಕ್ಸಿ ಚಾಲಕರೊಬ್ಬರು ಕೋನುಗಳ ಮುಂದೆ ನಿಲ್ಲಿಸಿ, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಪಂಪ್ ಕೊಟ್ಟರು. ಮೀಟರ್ ತೋರಿಸಿದ್ದು 14. ಐದಾರು ನಿಮಿಷದಲ್ಲಿ 35ಕ್ಕೆ ಏರಿತು. ಹಣ ಬೇಡವೆಂದರು, ವಡೆಯ ಪೊಟ್ಟಣ ತೆಗೆದುಕೊಂಡರು.

ಸರ್ವೀಸ್ ರಸ್ತೆಯ ಅಂಗಡಿ

ಸ್ಟೆಪ್ನಿಯ ಅಳತೆ 165/80 ಆರ್14. ಎತ್ತರ ಸರಿಸುಮಾರು ಉಳಿದವುಗಳಷ್ಟೇ, ಅಗಲ ಕಡಿಮೆ. ಗಂಟೆಗೆ 80 ಕಿಲೋಮೀಟರ್ ಮೀರಬಾರದೆಂದು ರಿಮ್ಮಿನ ಮೇಲೇ ಚೀಟಿ ಇತ್ತು. ಅದರಲ್ಲೇ ನೇರ ಮೈಸೂರಿಗೆ ಹೋಗಬಹುದಿತ್ತು. ಆದರೆ ಇನ್ನೊಂದು ಪಂಕ್ಚರ್ ಆದರೆ ಕೈಯಲ್ಲಿ ಏನೂ ಇಲ್ಲ ಎಂಬ ಹೆದರಿಕೆ ಸಹಜ. ಮುಂದೆ ಸರ್ವೀಸ್ ರಸ್ತೆಗೆ ಇಳಿದು, ಕತ್ತಲಾಗುವ ಹೊತ್ತಿಗೆ ಕಣ್ಣಿಗೆ ಬಿದ್ದ ಮೊದಲ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದರು. ಫೋನಿನಲ್ಲಿ ಮಾತಾಡಿದ್ದ ಮಂಡ್ಯದ ಆ ಸಜ್ಜನರ ಅಂಗಡಿ ಹಿಂದೆ ಉಳಿದಿತ್ತು.

ಉಪನ್ಯಾಸಕಿ ಅಷ್ಟರಲ್ಲಿ ಮೊಳೆ ಚುಚ್ಚಿದ ಜಾಗದ ಫೋಟೊ ತೆಗೆದಿದ್ದರು. ಒಂದೇ ಮೊಳೆ. ಅಂಗಡಿಯವನು ಚಕ್ರವನ್ನು ತಗಡಿನ ಮರೆಗೆ ಉರುಳಿಸಿಕೊಂಡು ಹೋದ. ಇವರು ಮಗುವಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಮೊಳೆ ತೆಗೆದು, ಗಾಳಿ ತುಂಬಿ, ಸೋಪಿನ ನೀರು ಸವರಿ ಕರೆದ. ನಾಲ್ಕು ಕಡೆ ಗುಳ್ಳೆ ಏಳುತ್ತಿತ್ತು.

"ಮೊಳೆಯ ರಾಶಿಯೇ ಬಿದ್ದಿತ್ತೇನೋ ಅಮ್ಮ. ನೀವೇ ನೋಡಿ."

"ಒಂದೇ ಮೊಳೆ ಇತ್ತಲ್ಲಪ್ಪ?"

"ಉಳಿದವು ಉದುರಿಹೋಗಿರುತ್ತವೆ."

ಒಂದಕ್ಕೆ 150ರಂತೆ ನಾಲ್ಕು ಸ್ಟ್ರಿಪ್, 600 ರೂಪಾಯಿ. ಕತ್ತಲು, ಮಳೆ, ಹಸಿದ ಮಗು. ವಾದ ಮಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೊಟ್ಟರು. ವಂಚನೆ ನಡೆಯುವುದಾದರೆ ಅದಕ್ಕೆ ಬೇಕಾದ ಬಂಡವಾಳ ಈ ಆಯಾಸವೇ.

ಆತ ಅದೇ ಟೈರನ್ನು ಹಾಕಿಕೊಡುತ್ತೇನೆ, ಸ್ಟೆಪ್ನಿಯನ್ನು ಡಿಕ್ಕಿಗೆ ಹಾಕಿ ಎಂದ. ತಂದೆಯೂ ಅದನ್ನೇ ಹೇಳಿದರು. ಆಗ ಉಪನ್ಯಾಸಕಿಯ ಕಣ್ಣಿಗೆ ಬಿದ್ದದ್ದು ಟೈರಿನ ಪಕ್ಕೆಯ ಸುತ್ತ ಬಳೆಯಾಕಾರದಲ್ಲಿ ಸವೆದ ಗುರುತು. "ಒಳಗೆ ಬಿಚ್ಚಿ ನೋಡಿದಿರಾ?" ಎಂದು ಕೇಳಿದರು. "ಟ್ಯೂಬ್‌ಲೆಸ್ ಅಮ್ಮ, ಬಿಚ್ಚುವ ಅಗತ್ಯವೇ ಇಲ್ಲ" ಎಂದ.

ಆತ ಹೇಳಿದ್ದು ಒಂದು ಮಟ್ಟಿಗೆ ನಿಜ. ಸ್ಟ್ರಿಪ್ ಹಾಕುವುದು ಹೊರಗಿನಿಂದಲೇ. ಟೈರನ್ನು ರಿಮ್ಮಿನಿಂದ ಬಿಡಿಸದೆ, ಅಂಟು ಸವರಿದ ರಬ್ಬರ್ ಹುರಿಯನ್ನು ತೂತಿಗೆ ತುರುಕಿ ಹೊರಗಿನ ಬಾಲ ಕತ್ತರಿಸುತ್ತಾರೆ. ಗಾಳಿ ಇರುವಾಗಲೇ ಗಮನಿಸಿದ ಪಂಕ್ಚರಿಗೆ ಇದು ಸಾಕು. ಗಾಳಿಯಿಲ್ಲದೆ ಓಡಿದ ಟೈರಿಗೆ ಇದು ಕಣ್ಣು ಮುಚ್ಚಿ ಮಾಡುವ ಚಿಕಿತ್ಸೆ, ಏಕೆಂದರೆ ಗಾಯವಿರುವುದು ತೂತಿನಲ್ಲಲ್ಲ. ತನಗೆ ಇದೆಲ್ಲ ಗೊತ್ತಿರಲಿಲ್ಲ, ಆ ಗುರುತು ಇಷ್ಟವಾಗಲಿಲ್ಲ ಅಷ್ಟೇ ಎಂದು ಉಪನ್ಯಾಸಕಿ ಹೇಳುತ್ತಾರೆ. ಸ್ಟೆಪ್ನಿ ಚಕ್ರದಲ್ಲೇ ಇರಲಿ, ಇದು ಡಿಕ್ಕಿಗೆ ಹೋಗಲಿ ಎಂದು ಪಟ್ಟು ಹಿಡಿದರು. ಆರುನೂರು ಕೊಟ್ಟೂ ಸ್ಟೆಪ್ನಿಯಲ್ಲೇ ಹೋಗಬೇಕೇ ಎಂದು ತಂದೆ ಮೈಸೂರು ಮುಟ್ಟುವವರೆಗೂ ಮಾತು ಬಿಟ್ಟರು. ಎಪ್ಪತ್ತು ದಾಟದೆ ಎಡ ಪಥದಲ್ಲೇ ಬಂದು ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದರು.

ಟೈರಿನ ಒಳಗೆ

ಸೋಮವಾರ ನಮ್ಮಲ್ಲಿಗೆ ಬಂದಾಗ ತಂದೆಯವರ ಬೇಡಿಕೆ ಸರಳ: "ರಿಪೇರಿಯಾಗಿದೆ, ಹಾಕಿಕೊಡಿ." ಯಂತ್ರಕ್ಕೆ ಏರಿಸಿ ಒಂದು ಬದಿ ಬಿಡಿಸಿ ಬಗ್ಗಿಸಿದೆ. ಒಳಗಿನಿಂದ ಕಪ್ಪು ಪುಡಿ ಸುರಿಯಿತು, ಕಾಫಿ ಲೋಟ ತುಂಬುವಷ್ಟು. ಅದು ಪಕ್ಕೆ ಒಳಗಿನಿಂದ ತನ್ನನ್ನು ತಾನೇ ಅರೆದುಕೊಂಡ ರಬ್ಬರ್. ಒಳಮೈಯಲ್ಲಿ ಸುತ್ತಲೂ ಒರಟಾದ ಪಟ್ಟಿ, ಎರಡು ಕಡೆ ನೂಲು ಬರಿಗಣ್ಣಿಗೆ ಕಾಣುವಷ್ಟು ಸವೆದಿತ್ತು. ಹೊರಗಿನಿಂದ ನೋಡಿದರೆ 33 ಪಿಎಸ್‌ಐ ಗಾಳಿ ಹಿಡಿದು ಗಟ್ಟಿಯಾಗಿ ನಿಂತಿದ್ದ ಟೈರ್ ಇದು. ಇದನ್ನು ಶನಿವಾರ ರಾತ್ರಿಯೇ ಹಾಕಿಕೊಂಡು ಎಲ್ಲರ ಭಾರ ಹೇರಿ ಹೆದ್ದಾರಿಗೆ ಹತ್ತಿದ್ದರೆ ಪಕ್ಕೆ ಒಡೆಯಬಹುದಾಗಿತ್ತು. ಒಡೆಯುತ್ತಿತ್ತೇ ಎಂದು ಖಚಿತವಾಗಿ ಯಾರೂ ಹೇಳಲಾರರು. ನಾನಂತೂ ನನ್ನ ಮನೆಯವರನ್ನು ಅದರ ಮೇಲೆ ಕೂರಿಸುತ್ತಿರಲಿಲ್ಲ. ಪಕ್ಕೆಗೆ ಆದ ಗಾಯಕ್ಕೆ ಪ್ಯಾಚ್ ಇಲ್ಲ.

ತಂದೆ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೇ ಕಿಲೋಮೀಟರ್" ಎಂದರು.

ನಾಲ್ಕು ತೂತುಗಳ ವಿಷಯ. ಫೋಟೊದಲ್ಲಿದ್ದ ಮೊಳೆಯ ತೂತು ಓರೆಯಾಗಿತ್ತು, ಅದರ ಸುತ್ತ ತುಕ್ಕಿನ ಬಣ್ಣ ಹಿಡಿದಿತ್ತು. ಉಳಿದ ಮೂರು ನೇರ, ಒಂದೇ ಗಾತ್ರದವು, ತುಕ್ಕಿನ ಸುಳಿವೇ ಇಲ್ಲ. ಅವುಗಳಲ್ಲಿ ಒಂದು ನೆಲ ಮುಟ್ಟುವ ಭಾಗದ ಅಂಚಿನಲ್ಲಿ, ಪಕ್ಕೆ ಶುರುವಾಗುವ ಕಡೆ ಇತ್ತು. ಅಲ್ಲಿ ಸ್ಟ್ರಿಪ್ ಹಾಕುವುದೇ ತಪ್ಪು. ಗಿರಾಕಿ ಅತ್ತ ಹೋದಾಗ ಸೂಜಿ ಚುಚ್ಚಿ ಪಂಕ್ಚರ್ ಹೆಚ್ಚಿಸುವ ಕೈಚಳಕ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಳಂಕ. ಆದರೂ ಇದು ಅದೇ ಎಂದು ನಾನು ಬರೆದುಕೊಡಲಿಲ್ಲ. ಸ್ಟ್ರಿಪ್ ಹಾಕುವ ಮೊದಲು ತೂತನ್ನು ಅರದಿಂದ ಉಜ್ಜಿ ಅಗಲಿಸುತ್ತಾರೆ, ಆಗ ಹಳೆಯ ಗುರುತುಗಳೂ ಅಳಿಸಿಹೋಗುತ್ತವೆ. ದೂರು ಕೊಡಬೇಕೆಂದಿದ್ದ ಮಗಳಿಗೆ ಅದನ್ನೇ ಹೇಳಿದೆ. ಆಮೇಲೆ ಅಲ್ಲ, ಅಲ್ಲೇ ತಡೆಯಬೇಕು: ಚಕ್ರ ಕಣ್ಣಿನಿಂದ ಮರೆಯಾಗಲು ಬಿಡಬಾರದು; ಮೊಳೆ ತೆಗೆಯುವ ಮೊದಲೇ ಎದುರಿಗೆ ಗಾಳಿ ತುಂಬಿ ಸೋಪಿನ ನೀರು ಹಾಕಿಸಿ, ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು ಹಾಕಿಸಬೇಕು. ಗುರುತಿಗಿಂತ ಹೆಚ್ಚಿನ ತೂತಿಗೆ ಹಣವಿಲ್ಲ ಎಂದು ಮೊದಲೇ ನಗುನಗುತ್ತಾ ಹೇಳಿಬಿಟ್ಟರೆ ಜಗಳವೂ ಬೇಕಾಗುವುದಿಲ್ಲ. ನಮ್ಮಲ್ಲಿಯೂ ಹೀಗೆಯೇ ಮಾಡಿಸಿಕೊಳ್ಳಿ ಎಂದೆ. ಪ್ರಾಮಾಣಿಕ ಅಂಗಡಿಯವರಿಗೆ ಇದರಿಂದ ಬೇಸರವಿಲ್ಲ.

ಖರ್ಚು

ಶನಿವಾರ ಮಧ್ಯಾಹ್ನ ಬಂಕಿನಿಂದ ನೇರ ಪಂಕ್ಚರ್ ಅಂಗಡಿಗೆ ಹೋಗಿದ್ದರೆ ಒಂದು ಸ್ಟ್ರಿಪ್ಪಿಗೆ ನೂರೈವತ್ತು, ಇಲ್ಲವೇ ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ರಬ್ಬರ್ ತೇಪೆ) ಹಾಕಿಸಿದರೆ ನಾನೂರು ರೂಪಾಯಿಯ ಆಸುಪಾಸು. ದೂರ ಓಡುವವರಿಗೆ ನಾನು ಹೇಳುವುದು ಎರಡನೆಯದನ್ನೇ. ಬಿಚ್ಚಿದ ನೆಪದಲ್ಲಿ ಒಳಮೈಯೂ ಕಣ್ಣಿಗೆ ಬೀಳುತ್ತದೆ. ಈಗ ಆದದ್ದು ಆರುನೂರು ಮತ್ತು ಹೊಸ ಟೈರುಗಳು. ವಿಮೆಯಿಂದ ಏನಾದರೂ ಸಿಗುವುದೇ ಎಂದು ತಂದೆ ಕೇಳಿದರು. ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರೊಂದಕ್ಕೇ ಆದ ಹಾನಿಗೆ ಪರಿಹಾರವಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ, ಅದೂ ಹೊಸ ಟೈರಿನ ಬೆಲೆಯ ಅರ್ಧದವರೆಗೆ.

ಸ್ಟೆಪ್ನಿಯೇ ಇಲ್ಲದ ಹೊಸ ಕಾರು ತೆಗೆದುಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಮಗಳು ಕೇಳಿದರು. 2020ರ ಜುಲೈಯಲ್ಲಿ ನಿಯಮ ತಿದ್ದುಪಡಿಯಾಗಿ, ಟ್ಯೂಬ್‌ಲೆಸ್ ಟೈರ್, ಗಾಳಿಯ ಸೆನ್ಸರ್ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಾಗಿದೆ. ಸೆನ್ಸರ್ ಇದ್ದಿದ್ದರೆ ಈ ಪ್ರಕರಣ ಮದ್ದೂರಿನಲ್ಲೇ ಮುಗಿಯುತ್ತಿತ್ತು, ಅದು ನಿಜ. ಆದರೆ ಎರಡು ಕಿಲೋಮೀಟರ್ ತೆವಳಿದ ಮೇಲೆ ಕಿಟ್ಟಿನ ಅಂಟು ದ್ರವ ಸುರಿದು ಪ್ರಯೋಜನವಿಲ್ಲ. ಆಗ ಉಳಿಯುವುದು ಎಳೆದೊಯ್ಯುವ ಲಾರಿ ಮಾತ್ರ.

ಒಂದೇ ಟೈರ್ ಬದಲಿಸಿದರೆ ಸಾಲದೇ ಎಂಬ ಪ್ರಶ್ನೆಯೂ ಬಂತು. ಒಂದೇ ಆಕ್ಸಲಿನ ಎಡ ಬಲಗಳಲ್ಲಿ ಒಂದು ಹೊಸದು ಒಂದು ಹಳೆಯದು ಬೇಡವೆಂದು ಜೋಡಿ ತೆಗೆದುಕೊಂಡರು, 10,800 ರೂಪಾಯಿ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ತಾನೇ, ಹೊಸದನ್ನು ಮುಂದೆ ಹಾಕಿ ಎಂದು ತಂದೆ. ಹಿಂದೆ ಹಾಕಿದೆ. ಮಳೆಯ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಚಾಲಕರ ಕೈಗೆ ತಿಳಿಯುತ್ತದೆ, ವೇಗ ಇಳಿಸಿ ಸರಿಪಡಿಸಬಹುದು; ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಕಾರು ಅಡ್ಡ ತಿರುಗಿರುತ್ತದೆ.

ಕೊನೆಗೆ ಸ್ಟೆಪ್ನಿ ತೋರಿಸಿದೆ. ಅದರ ಪಕ್ಕೆಯ ಮೇಲಿನ ನಾಲ್ಕಂಕಿ 3216, ಅಂದರೆ 2016ರ 32ನೆಯ ವಾರದಲ್ಲಿ ತಯಾರಾದದ್ದು. ಓಡಿರಲಿಲ್ಲ, ಆದರೆ ರಬ್ಬರಿಗೆ ಎಂಟು ವರ್ಷ ತುಂಬಿತ್ತು, ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳು ಶುರುವಾಗಿದ್ದವು. ಅದನ್ನೂ ಬದಲಿಸಿ ಎಂದೆ. ಮಗಳು ತಂದೆಯ ಮುಖ ನೋಡಿದರು. "ನೆಲವನ್ನೇ ಮುಟ್ಟದ ಟೈರು ಸ್ವಾಮಿ, ಹೊಸದರ ಹಾಗೇ ಇದೆ" ಎಂದರು ಅವರು. ಚೀಟಿಯಲ್ಲಿ ಹೇಳಿದ್ದಕ್ಕಿಂತ ನಾಲ್ಕು ಪಿಎಸ್‌ಐ ಹೆಚ್ಚಾಗಿಯೇ ಗಾಳಿ ತುಂಬಿಸಿಕೊಂಡು, ಹೊಸ ಸ್ಟೆಪ್ನಿಯ ಮಾತನ್ನು ದೀಪಾವಳಿಯ ಆಚೆಗೆ ತಳ್ಳಿ ಹೊರಟರು.